ಅವಳಿಗೆ ಏನೆಲ್ಲ ಗೊತ್ತು: ಆರನೇ ತರಗತಿಗೆ ಹೆಲೆನ್ ಕತೆ ಹೇಳಿದ್ದು

ನಾನು ಪಾಠ ಮಾಡುವುದು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆರನೇ ತರಗತಿಯ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗಿಯ ಹೆಸರಿದೆ. ಅವಳು ಶಾಲೆಗೆ ಬರುವುದಿಲ್ಲ. ಅವಳಿಗೆ ಕಣ್ಣು ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಗೃಹಾಧಾರಿತ ಶಿಕ್ಷಣ ಅಂತ ಒಂದು ವ್ಯವಸ್ಥೆ ಇದೆ. ಶಾಲೆಗೆ ಬರಲಾಗದ ಮಕ್ಕಳ ಹೆಸರು ಹತ್ತಿರದ ಶಾಲೆಯಲ್ಲಿ ಇರುತ್ತದೆ, ಕಲಿಸುವವರು ಅವರ ಮನೆಗೇ ಹೋಗುತ್ತಾರೆ. ನಮ್ಮ ಕಡೆ ಆ ಕೆಲಸ ಬಿಐಇಆರ್‌ಟಿ ಮೇಡಂ ಅವರದು, ಅಂದರೆ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕಿ.

ಉಳಿದ ಮಕ್ಕಳಿಗೆ ಅವಳು ಬರೀ ಒಂದು ಹೆಸರು. ‘ಅವಳಿಗೆ ಏನೂ ಗೊತ್ತಾಗಲ್ಲ ಅಲ್ವಾ ಟೀಚರ್?’ ಅಂತ ಒಬ್ಬ ಹುಡುಗ ಕೇಳಿದ. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳೋಣ ಅಂತ ಕೇಳಿದ್ದು. ಇದೇ ಮಕ್ಕಳಿಗೆ ಹೆಲೆನ್ ಕೆಲರ್ ಹೆಸರು ಚೆನ್ನಾಗಿ ಗೊತ್ತು. ಕ್ವಿಜ್‌ಗೆ ಓದಿಕೊಂಡಿದ್ದಾರೆ. ಕಣ್ಣು, ಕಿವಿ ಎರಡೂ ಇಲ್ಲದಿದ್ದರೂ ಸಾಧನೆ ಮಾಡಿದ ಮಹಿಳೆ, ಅಲ್ಲಿಗೆ ಮುಗಿಯಿತು. ಆ ಮಹಿಳೆಯೂ ಒಂದು ಕಾಲಕ್ಕೆ ಚಿಕ್ಕ ಹುಡುಗಿ ಆಗಿದ್ದಳು. ಯಾರ ಜೊತೆ ಆಡುತ್ತಿದ್ದಳು, ಹಸಿವಾದರೆ ಹೇಗೆ ಹೇಳುತ್ತಿದ್ದಳು, ಯಾಕೆ ಕಿರುಚಾಡುತ್ತಿದ್ದಳು? ಇದನ್ನು ಯಾರೂ ಹೇಳಿರಲಿಲ್ಲ. ಶನಿವಾರ ಬೆಳಗಿನ ಶಾಲೆಯ ಕೊನೇ ಪೀರಿಯಡ್ ಇದಕ್ಕೇ ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಿದೆ. ಹೆಲೆನ್‌ಳ ಬಾಲ್ಯದ ಕತೆ ಹೇಳುವುದು. ಅದರ ಜೊತೆಜೊತೆಗೆ ನಮ್ಮ ಹುಡುಗಿಯ ಬಗ್ಗೆಯೂ ಮಾತಾಡುವುದು.

ಆದರೆ ಕತೆ ಶುರು ಮಾಡುವ ಮೊದಲು ನಮ್ಮ ಹುಡುಗಿಯ ಮನೆಗೆ ಹೋಗಬೇಕಿತ್ತು. ಮನೆಯವರ ಒಪ್ಪಿಗೆ ಇಲ್ಲದೆ ತರಗತಿಯಲ್ಲಿ ಅವಳ ಮಾತು ಎತ್ತುವುದು ಸರಿಯಲ್ಲ. ಬಿಐಇಆರ್‌ಟಿ ಮೇಡಂ ಹೊರಟ ದಿನ ನಾನೂ ಅವರ ಸ್ಕೂಟಿ ಹತ್ತಿದೆ.

ಹುಡುಗಿ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಮೇಡಂ ಹತ್ತಿರ ಹೋಗಿ ಮೊದಲು ಭುಜ ಮುಟ್ಟಿದರು. ಆಮೇಲೆ ಅವಳ ಕೈಯನ್ನು ಹಿಡಿದು ಎಳೆಯಲಿಲ್ಲ. ತಮ್ಮ ಕೈಯನ್ನು ಅವಳ ಕೈಯ ಕೆಳಗೆ ಮೆಲ್ಲಗೆ ತಂದಿಟ್ಟರು. ಅವಳ ಬೆರಳು ಮೇಡಂ ಮಣಿಕಟ್ಟಿನ ಮೇಲೆ ಹೋಯಿತು. ಅಲ್ಲಿ ಒಂದು ದಪ್ಪ ಲೋಹದ ಬಳೆ ಇತ್ತು. ಅದನ್ನು ಒಂದು ಸುತ್ತು ತಿರುಗಿಸಿದಳು. ತಕ್ಷಣ ಮುಖ ಅರಳಿತು, ಎರಡೂ ಕಾಲು ಕುಣಿಸಿದಳು. ಆ ಬಳೆಯೇ ಮೇಡಂ ಅವರ ಹೆಸರು. ಅದನ್ನು ಅವರು ಬಿಚ್ಚುವುದೇ ಇಲ್ಲವಂತೆ.

ಆಮೇಲೆ ಅವಳು ನನ್ನ ಕೈ ಹುಡುಕಿದಳು. ಗಡಿಯಾರ ಮುಟ್ಟಿದಳು, ಉಂಗುರ ಮುಟ್ಟಿದಳು, ಅಂಗೈ ಮೂಸಿದಳು. ಚಾಕ್‌ಪೀಸಿನ ಪುಡಿ ವಾಸನೆ ಬಂದಿರಬೇಕು. ಇನ್ನೊಂದು ಸಲ ಮೂಸಿದಳು.

ಅವಳ ತಾಯಿ ದಿನ ಹೇಗೆ ಸಾಗುತ್ತದೆ ಅಂತ ತೋರಿಸಿದರು. ಸ್ನಾನಕ್ಕೆ ಮುಂಚೆ ಕೈಗೆ ಟವೆಲ್ ಕೊಡುತ್ತಾರೆ. ಊಟಕ್ಕೆ ಮುಂಚೆ ಅವಳದೇ ಒಂದು ಸಣ್ಣ ಸ್ಟೀಲ್ ತಟ್ಟೆ. ಹೊರಗೆ ಹೋಗುವುದಾದರೆ ಚಪ್ಪಲಿ. ವಸ್ತು ಕೈಗೆ ಬಂದರೆ ಮುಂದೆ ಏನು ಅಂತ ಗೊತ್ತಾಯಿತು. ಹಾಗೆ ತಿಳಿಸದೆ ಎತ್ತಿಕೊಂಡು ಹೋದರೆ ಗಾಬರಿಯಾಗಿ ಕಚ್ಚುತ್ತಾಳೆ. ‘ನಮ್ಮನ್ನ ಯಾರಾದ್ರು ಹೇಳ್ದೆ ಕೇಳ್ದೆ ಎತ್ಕೊಂಡೋಗಿ ನೀರು ಸುರುದ್ರೆ ನಾವ್ ಸುಮ್ನಿರ್ತೀವಾ ಟೀಚರ್?’ ಅಂದರು. ಅಪ್ಪನ ಬೈಕು ಅಂಗಳಕ್ಕೆ ಬಂದರೆ ಜಗಲಿಯ ಅದುರಿನಲ್ಲೇ ಅವಳಿಗೆ ತಿಳಿಯುತ್ತದೆ. ಅಜ್ಜಿಯನ್ನು ಎಲೆಅಡಿಕೆ ವಾಸನೆಯಲ್ಲಿ ಗುರುತಿಸುತ್ತಾಳೆ. ಬಿಸಿಲು ಜೋರಾಗಿದ್ದರೆ ಬೆಳಕಿನ ಕಡೆಗೆ ಮುಖ ತಿರುಗಿಸುತ್ತಾಳೆ. ಬೆಳಕು ಕತ್ತಲೆಯ ವ್ಯತ್ಯಾಸ ಅವಳಿಗೆ ಸ್ವಲ್ಪ ಕಾಣುತ್ತದೆ.

ಈ ವಿಷಯ ಮೇಡಂ ಒತ್ತಿ ಹೇಳಿದರು. ಕಣ್ಣು, ಕಿವಿ ಎರಡರ ತೊಂದರೆಯೂ ಒಟ್ಟಿಗೆ ಇರುವುದಕ್ಕೆ ಡೆಫ್‌ಬ್ಲೈಂಡ್ ಅನ್ನುತ್ತಾರೆ. ಹಾಗಂದರೆ ಪೂರ್ತಿ ಕತ್ತಲೆ, ಪೂರ್ತಿ ಮೌನ ಅಂತ ಜನ ಅಂದುಕೊಳ್ಳುತ್ತಾರೆ. ಇಂಥ ಹೆಚ್ಚಿನವರಿಗೆ ನೋಟವೋ ಶಬ್ದವೋ ಅಷ್ಟಿಷ್ಟು ಉಳಿದಿರುತ್ತದೆ. ಕಷ್ಟ ಇರುವುದು ಎರಡೂ ಒಟ್ಟಿಗೆ ಕಡಿಮೆ ಆಗುವುದರಲ್ಲಿ. ಕಣ್ಣು ಕಾಣದವರು ಕಿವಿಯಿಂದ ಕಲಿಯುತ್ತಾರೆ, ಕಿವಿ ಕೇಳದವರು ಕಣ್ಣಿನಿಂದ ಕಲಿಯುತ್ತಾರೆ. ಇವರಿಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ಅದಕ್ಕೇ ಕಲಿಸುವ ದಾರಿಯೂ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇರುವ 21 ಬಗೆಗಳಲ್ಲಿ ಬಹುವಿಧ ನ್ಯೂನತೆಯ ಜೊತೆಗೆ ಇದರ ಹೆಸರನ್ನೂ ಸೇರಿಸಿದ್ದಾರೆ.

ತಾಯಿ ಒಪ್ಪಿದರು. ಒಂದೇ ಮಾತು ಹೇಳಿದರು: ‘ನೋಡಕ್ಕೆ ಅಂತ ಗುಂಪುಕಟ್ಕೊಂಡು ಬರ್ಬೇಡಿ. ಇಬ್ಬಿಬ್ರು ಬಂದ್ರೆ ಸಾಕು. ಜಾಸ್ತಿ ಕೈ ಮುಟ್ಟುದ್ರೆ ಅವಳಿಗೆ ಯಾರ್ ಯಾರು ಅಂತ ಗೊತ್ತಾಗಲ್ಲ.’

ಇನ್ನು ತರಗತಿ. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಮಕ್ಕಳನ್ನು ಓಡಾಡಿಸಿದರೆ ಚೆನ್ನಾಗಿ ಅರ್ಥ ಆಗುತ್ತದೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ನನಗೆ ಅದು ಬೇಡ ಅನ್ನಿಸಿತು. ಐದು ನಿಮಿಷ ಕಣ್ಣು ಕಟ್ಟಿಕೊಂಡ ಮಗುವಿಗೆ ಸಿಗುವುದು ಭಯ ಮಾತ್ರ. ಎಡವುತ್ತದೆ, ಬಟ್ಟೆ ಬಿಚ್ಚಿ ‘ಅಬ್ಬಾ’ ಅನ್ನುತ್ತದೆ. ನಮ್ಮ ಹುಡುಗಿ ಹಾಗೆ ಬದುಕುತ್ತಿಲ್ಲ. ಅವಳು ಹನ್ನೆರಡು ವರ್ಷದಿಂದ ಕೈಯಲ್ಲಿ, ಮೂಗಿನಲ್ಲಿ, ಅಂಗಾಲಿನಲ್ಲಿ ಲೋಕವನ್ನು ಕಲಿತಿದ್ದಾಳೆ. ಮನೆಯ ಒಂದೊಂದು ಮೂಲೆಯೂ ಅವಳಿಗೆ ಗೊತ್ತು. ಮಕ್ಕಳಿಗೆ ಮೊದಲು ತಿಳಿಯಬೇಕಾದ್ದು ಅದು. ಅವಳಿಗೆ ಏನಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು, ಏನಿದೆ ಅನ್ನುವುದನ್ನೇ ಹೇಳಬೇಕು.

ಹಾಗಾಗಿ ಹೆಲೆನ್ ಕತೆಯನ್ನು ಟೀಚರ್ ಬರುವುದಕ್ಕೂ ಮೊದಲಿನಿಂದ ಶುರು ಮಾಡಿದೆ. ಹುಟ್ಟಿದ್ದು 1880ರ ಜೂನ್ 27. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಅನ್ನುವ ಚಿಕ್ಕ ಊರು. ಹುಟ್ಟಿದಾಗ ಕಣ್ಣು, ಕಿವಿ ಎರಡೂ ಸರಿಯಾಗಿದ್ದವು. 19 ತಿಂಗಳಿದ್ದಾಗ ಜೋರು ಜ್ವರ ಬಂತು. ಜ್ವರ ಬಿಟ್ಟಿತು, ಮನೆಯವರು ಬದುಕಿತಲ್ಲ ಮಗು ಅಂತ ಖುಷಿಪಟ್ಟರು. ನೋಟ, ಶಬ್ದ ಎರಡೂ ಹೋಗಿದ್ದು ಆಮೇಲೆ ತಿಳಿಯಿತು.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿದೆ. ಅವಳಿಗೆ ಬ್ರೆಡ್ ಬೇಕು, ಹೇಗೆ ಕೇಳಿರಬಹುದು? ಬಾಯಿಗೆ ಕೈ ತೋರಿಸ್ತಾಳೆ ಅಂದರು. ಅಷ್ಟೇ ಅಲ್ಲ. ಬ್ರೆಡ್ ಕೊಯ್ದು ಬೆಣ್ಣೆ ಸವರುವ ಹಾಗೆ ಕೈ ಆಡಿಸುತ್ತಿದ್ದಳು. ಐಸ್‌ಕ್ರೀಂ ಬೇಕಾದರೆ ಮೆಷಿನ್ ತಿರುಗಿಸುವ ಹಾಗೆ ಮಾಡಿ ಗಡಗಡ ನಡುಗುತ್ತಿದ್ದಳು. ಅಪ್ಪ ಅನ್ನುವುದಕ್ಕೆ ಕನ್ನಡಕ ಹಾಕಿಕೊಳ್ಳುವ ಸನ್ನೆ. ಇಂಥ ಅರುವತ್ತರಷ್ಟು ಸನ್ನೆಗಳನ್ನು ಅವಳೇ ಕಟ್ಟಿಕೊಂಡಿದ್ದಳು, ಯಾರೂ ಹೇಳಿಕೊಟ್ಟಿದ್ದಲ್ಲ. ‘ಏನೂ ಗೊತ್ತಾಗಲ್ಲ ಅಲ್ವಾ’ ಅಂತ ಕೇಳಿದ್ದ ಹುಡುಗನೇ ಮೊದಲು ಎದ್ದು ಮುದ್ದೆಗೆ ಸನ್ನೆ ಮಾಡಿ ತೋರಿಸಿದ. ಎರಡೂ ಅಂಗೈಯಲ್ಲಿ ಉಂಡೆ ಕಟ್ಟಿ, ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗುವುದು. ಆ ಪೀರಿಯಡ್ ಪೂರ್ತಿ ಊಟದ ಸನ್ನೆಯಲ್ಲೇ ಕಳೆಯಿತು.

ತುಂಟತನದ ಕತೆಗಳಂತೂ ಬೇಕೇ ಬೇಕು. ಹೆಲೆನ್‌ಗೆ ಬೀಗದ ಕೈ ತಿರುಗಿಸುವುದು ತಿಳಿದ ಮೇಲೆ ಒಂದು ದಿನ ಅಮ್ಮನನ್ನು ಉಗ್ರಾಣದ ಕೋಣೆಯಲ್ಲಿ ಕೂಡಿಹಾಕಿದಳು. ಅಮ್ಮ ಒಳಗಿನಿಂದ ಬಾಗಿಲು ಬಡಿಯುತ್ತಿದ್ದರೆ ಇವಳು ಹೊರಗೆ ಕೂತು ಆ ಅದುರನ್ನು ಅನುಭವಿಸುತ್ತ ನಗುತ್ತಿದ್ದಳು. ಮುಂದೆ ಟೀಚರ್ ಬಂದಾಗ ಅವರನ್ನೂ ಕೋಣೆಯಲ್ಲಿ ಕೂಡಿ, ಬೀಗದ ಕೈ ಬಚ್ಚಿಟ್ಟಳು. ಅವಳಪ್ಪ ಏಣಿ ಹಾಕಿ ಟೀಚರನ್ನು ಕಿಟಕಿಯಿಂದ ಇಳಿಸಬೇಕಾಯಿತು. ಇಡೀ ತರಗತಿ ಬಿದ್ದುಬಿದ್ದು ನಕ್ಕಿತು. ಅವಳ ಬಗ್ಗೆ ‘ಅಯ್ಯೋ ಪಾಪ’ ಅನ್ನುವುದು ಅಲ್ಲಿಗೆ ನಿಂತಿತು.

ಅವಳಿಗೆ ಗೆಳತಿ ಇದ್ದಳಾ ಅಂತ ಹುಡುಗಿಯೊಬ್ಬಳು ಕೇಳಿದಳು. ಇದ್ದಳು. ಮಾರ್ತಾ ವಾಷಿಂಗ್ಟನ್ ಅಂತ, ಅವರ ಮನೆಯ ಅಡುಗೆಯಾಕೆಯ ಮಗಳು, ಕಪ್ಪು ಜನಾಂಗದವಳು. ಹೆಲೆನ್‌ಳ ಸನ್ನೆ ಅವಳಿಗೆ ಅರ್ಥ ಆಗುತ್ತಿತ್ತು. ಇಬ್ಬರೂ ಉದ್ದ ಹುಲ್ಲಿನಲ್ಲಿ ಗಿನಿಕೋಳಿಯ ಮೊಟ್ಟೆ ಹುಡುಕಲು ಹೋಗುತ್ತಿದ್ದರು. ಮಾರ್ತಾ ಎಡವಿ ಒಡೆದುಬಿಟ್ಟಾಳು ಅಂತ ಮೊಟ್ಟೆಯನ್ನು ಹೆಲೆನ್ ತಾನೇ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಕತ್ತರಿ ಸಿಕ್ಕಿ ಮಾರ್ತಾಳ ಕೂದಲು ಕತ್ತರಿಸಿದಳು, ಮಾರ್ತಾ ತಿರುಗಿ ಇವಳ ಗುಂಗುರು ಕತ್ತರಿಸಿದಳು. ದೊಡ್ಡ ಮನೆಯ ಮಗಳು ಹೇಳಿದ್ದಕ್ಕೆಲ್ಲ ಮಾರ್ತಾ ತಲೆಯಾಡಿಸಬೇಕಿತ್ತು ಅನ್ನುವುದನ್ನೂ ಮಕ್ಕಳಿಗೆ ಹೇಳಿದೆ. ಹೆಲೆನ್ ಹುಟ್ಟುವುದಕ್ಕೆ 15 ವರ್ಷ ಹಿಂದಷ್ಟೇ ಆ ದೇಶದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾಗಿತ್ತು. ಟೀಚರಿಗಿಂತ ಮೊದಲೇ ಹೆಲೆನ್‌ಳ ಕೈಮಾತು ಕಲಿತವಳು ಮಾರ್ತಾ. ಕ್ವಿಜ್ ಪುಸ್ತಕದಲ್ಲಿ ಅವಳ ಹೆಸರು ಇರುವುದಿಲ್ಲ.

ಸಿಟ್ಟು ಯಾಕೆ ಬರುತ್ತಿತ್ತು? ಹೆಲೆನ್ ತಾನೇ ಬರೆದಿದ್ದಾಳೆ. ಮಾತಾಡುವವರ ನಡುವೆ ನಿಂತು ಅವರ ತುಟಿ ಮುಟ್ಟಿ ನೋಡುತ್ತಿದ್ದಳು. ಎಲ್ಲರ ತುಟಿಯೂ ಆಡುತ್ತದೆ. ತಾನೂ ತುಟಿ ಆಡಿಸಿದಳು, ಏನೂ ಆಗಲಿಲ್ಲ. ಆಗ ಒದ್ದು, ಕಿರುಚಿ, ಸುಸ್ತಾಗುವ ತನಕ ರಂಪ. ಇದನ್ನು ಹೇಳುವಾಗ ನಮ್ಮ ಹುಡುಗಿಯ ಮನೆಯ ಪಕ್ಕದಲ್ಲೇ ಇರುವ ಹುಡುಗ ಮಧ್ಯೆ ಬಾಯಿ ಹಾಕಿದ. ಅವಳೂ ಸಂಜೆ ಹೊತ್ತು ಕಿರುಚುತ್ತಾಳಂತೆ. ಮೈಮೇಲೆ ಗಾಳಿ ಬಂದಿದೆ ಅಂತ ಯಾರೋ ಹೇಳಿದ್ದರಂತೆ. ‘ಹಂಗಾದ್ರೆ ಅವಳು ಏನೋ ಹೇಳ್ತಾ ಇರ್ಬೋದು ಅಲ್ವಾ ಟೀಚರ್?’ ಅಂದ. ಹೌದು ಅಂದೆ.

ಹೆಲೆನ್‌ಳ ಟೀಚರ್ ಆನ್ ಸಲಿವನ್ ಟಸ್ಕಂಬಿಯಾಕ್ಕೆ ಬಂದಿದ್ದು 1887ರ ಮಾರ್ಚ್ 3. ಆಕೆಗೆ ಆಗ ಇನ್ನೂ 20 ವರ್ಷ. ಚಿಕ್ಕಂದಿನಲ್ಲಿ ಟ್ರಕೋಮಾ ಅನ್ನುವ ಕಣ್ಣಿನ ಸೋಂಕಿನಿಂದ ಆಕೆಯ ಕಣ್ಣೂ ಬಹುತೇಕ ಹೋಗಿತ್ತು, ಆಪರೇಷನ್ ಆದ ಮೇಲೆ ಸ್ವಲ್ಪ ಕಾಣುತ್ತಿತ್ತು. ತಮ್ಮನನ್ನು ಬಡವರ ಆಶ್ರಯಮನೆಯಲ್ಲಿ ಕಳೆದುಕೊಂಡವಳು. ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಓದುವಾಗ ಅಲ್ಲೇ ಇದ್ದ ಲಾರಾ ಬ್ರಿಜ್‌ಮನ್ ಅನ್ನುವ ಡೆಫ್‌ಬ್ಲೈಂಡ್ ಮಹಿಳೆಯ ಜೊತೆ ಬೆರಳಕ್ಷರದಲ್ಲಿ (ಒಂದೊಂದು ಅಕ್ಷರಕ್ಕೂ ಬೆರಳುಗಳ ಒಂದೊಂದು ಆಕಾರ) ಮಾತಾಡಲು ಕಲಿತಿದ್ದಳು. ಹೆಲೆನ್‌ಗೆ ತಂದ ಗೊಂಬೆಗೆ ಬಟ್ಟೆ ಹೊಲಿದಿದ್ದೂ ಲಾರಾನೇ. ಗೊಂಬೆ ಕೈಗಿಟ್ಟು, ಅದರ ಹೆಸರನ್ನು ಅಕ್ಷರ ಅಕ್ಷರವಾಗಿ ಅಂಗೈಯಲ್ಲಿ ಬೆರಳಿನಿಂದ ಮೂಡಿಸುವುದು. ಹೆಲೆನ್ ಅದನ್ನು ಹಾಗೇ ತಿರುಗಿ ಮಾಡುತ್ತಿದ್ದಳು. ಅದು ಹೆಸರು ಅಂತ ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಏಪ್ರಿಲ್ 5ರಂದು ಪಂಪಿನ ನೀರು ಒಂದು ಕೈಮೇಲೆ ಬೀಳುತ್ತಿರುವಾಗ ಇನ್ನೊಂದು ಕೈಯಲ್ಲಿ ಅದರ ಹೆಸರು ಬಂತು, ಹೆಲೆನ್‌ಗೆ ಹೊಳೆಯಿತು. ಇದು ಎಲ್ಲರಿಗೂ ಗೊತ್ತಿರುವ ಕತೆ. ನಾನು ಅದನ್ನು ಬೇಗ ಮುಗಿಸಿದೆ. ಅದಕ್ಕಿಂತ ಹೆಚ್ಚು ಹೊತ್ತು ಹೇಳಿದ್ದು ಅದರ ಹಿಂದಿನ ಒಂದು ತಿಂಗಳು ಮತ್ತು ಮುಂದಿನ ದಿನಗಳ ಬಗ್ಗೆ. ಹೆಲೆನ್‌ಳ ಸಂಬಂಧಿಕರ ಮನೆಯ 15 ತಿಂಗಳ ಕೂಸನ್ನು ಆನ್ ಗಮನಿಸಿದಳು. ಆ ಕೂಸಿಗೆ ಒಂದೊಂದೇ ಪದ ಯಾರೂ ಪಾಠ ಮಾಡುತ್ತಿಲ್ಲ. ಸುಮ್ನೆ ಮಾತಾಡುತ್ತಾರೆ, ಅದು ಹಿಡಿದುಕೊಳ್ಳುತ್ತದೆ. ಹಾಗಾದರೆ ಹೆಲೆನ್‌ಳ ಕೈಗೂ ಹಾಗೇ ಮಾತಾಡೋಣ, ಪೂರ್ತಿ ವಾಕ್ಯದಲ್ಲೇ, ಇಡೀ ದಿನ. ಪಾಠ ನಡೆಯುತ್ತಿದ್ದದ್ದು ಹೆಚ್ಚಾಗಿ ಮನೆಯ ಹೊರಗೆ. ಮರಿ ಹೊರಬರುತ್ತಿದ್ದ ಮೊಟ್ಟೆಯನ್ನು ಹೆಲೆನ್‌ಳ ಕೈಯಲ್ಲಿಟ್ಟು, ಒಳಗಿನಿಂದ ಕೊಕ್ಕು ಚಿಪ್ಪನ್ನು ಕುಟ್ಟುವುದು ಬೆರಳಿಗೆ ತಿಳಿಯುವಂತೆ ಮಾಡಿದಳು.

ನಮ್ಮ ಮಕ್ಕಳ ಮನೆಗಳಲ್ಲಿ ಕೋಳಿ ಕಾವಿಗೆ ಕೂರುವುದು ಸಾಮಾನ್ಯ. ಮರುವಾರ ಒಬ್ಬ ಬಂದು, ತಾನೂ ಕಣ್ಣು ಮುಚ್ಚಿ ಹಾಗೆ ಮೊಟ್ಟೆ ಹಿಡಿದು ನೋಡಿದೆ, ಟಕ್ ಟಕ್ ಅನ್ನುವುದು ಬೆರಳಿನ ಮೂಳೆಗೇ ಗೊತ್ತಾಯಿತು ಅಂದ. ಇಷ್ಟು ವರ್ಷ ಅದನ್ನು ಬರೀ ನೋಡಿದ್ದನಂತೆ.

ಚಟುವಟಿಕೆ ಅಂತ ಮಾಡಿಸಿದ್ದು ಎರಡೇ. ಒಂದು, ಅಂಗೈ ಬರಹ. ಜೊತೆಗಾರನ ಅಂಗೈಯಲ್ಲಿ ತೋರುಬೆರಳಿನಿಂದ ದೊಡ್ಡದಾಗಿ ಅಕ್ಷರ ಬರೆಯುವುದು, ಅವನು ಕಣ್ಣುಮುಚ್ಚಿ ಓದುವುದು. ಒಂದು ಅಕ್ಷರ ಮುಗಿದ ಮೇಲೆ ಅಂಗೈ ಸವರಿ ಒರೆಸಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಕಲಸುತ್ತದೆ. ಒತ್ತಕ್ಷರ ಬಂದರೆ ಎಲ್ಲರೂ ತಡವರಿಸುತ್ತಾರೆ. ‘ಮರ’, ‘ದನ’, ‘ಹೂ’ ಸುಲಭ. ತಾಳ್ಮೆ ಇಲ್ಲದವನು ಬರೆದದ್ದು ಯಾರಿಗೂ ಓದಲಾಗುವುದಿಲ್ಲ ಅನ್ನುವುದು ಅವರಿಗೇ ತಿಳಿಯಿತು.

ಇನ್ನೊಂದು ಬ್ರೈಲ್, ಬೆರಳಿನಿಂದ ಮುಟ್ಟಿ ಓದುವ ಉಬ್ಬುಚುಕ್ಕಿ ಲಿಪಿ. ಮೇಡಂ ತಮ್ಮ ಬ್ರೈಲ್ ಸ್ಲೇಟು, ಮೊಳೆಯಂಥ ಸ್ಟೈಲಸ್, ದಪ್ಪ ಕಾಗದ ತಂದರು. ಒಂದು ಮನೆಯಲ್ಲಿ ಆರು ಚುಕ್ಕಿ. ಎಡಸಾಲಿನಲ್ಲಿ ಮೇಲಿನಿಂದ 1, 2, 3. ಬಲಸಾಲಿನಲ್ಲಿ 4, 5, 6. ಕನ್ನಡಕ್ಕೆ ಭಾರತಿ ಬ್ರೈಲ್ ಇದೆ, ನಮ್ಮ ದೇಶದ ಭಾಷೆಗಳಿಗಾಗಿ ಮಾಡಿದ್ದು. ‘ಮ’ ಅಂದರೆ 1, 3, 4. ‘ರ’ ಅಂದರೆ 1, 2, 3, 5. ಕಾಗದದ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ ತಿರುಗುಮುರುಗು ಬರೆಯಬೇಕು, ತಿರುಗಿಸಿದರೆ ಚುಕ್ಕಿ ಉಬ್ಬಿ ಎಡದಿಂದ ಬಲಕ್ಕೆ ಓದಲು ಸಿಗುತ್ತದೆ. ಗಣಿತದಲ್ಲಿ ಹಿಂದೆ ಇರುವ ಒಬ್ಬ ಹುಡುಗ ಇದನ್ನು ಎಲ್ಲರಿಗಿಂತ ಬೇಗ ಹಿಡಿದ. ನಮ್ಮ ಹುಡುಗಿ ಬ್ರೈಲ್ ಓದುತ್ತಾಳಾ ಅಂತ ಕೇಳಿದರು. ಇನ್ನೂ ಇಲ್ಲ. ಮೊದಲು ವಸ್ತು, ಆಮೇಲೆ ಸನ್ನೆ, ಅಕ್ಷರ ಅದಕ್ಕೂ ಮುಂದೆ ಅಂತ ಮೇಡಂ ವಿವರಿಸಿದರು.

ಯಾಕೆ ಹೀಗಾಗುತ್ತದೆ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಬಂತು. ಗ್ರಹಣ ನೋಡಿದ್ದಕ್ಕೆ ಅಂತ ಒಬ್ಬಳು, ಹಿಂದಿನ ಜನ್ಮದ್ದು ಅಂತ ಇನ್ನೊಬ್ಬ. ಮನೆಯಲ್ಲಿ ಕೇಳಿದ್ದನ್ನು ಹೇಳುತ್ತಾರೆ. ಕಾರಣಗಳು ಹಲವು ಇವೆ. ಅದರಲ್ಲಿ ಒಂದು ರುಬೆಲ್ಲಾ. ದೊಡ್ಡವರಿಗೆ ಬಂದರೆ ಸ್ವಲ್ಪ ಜ್ವರ, ಮೈಮೇಲೆ ಕೆಂಪು ಗುಳ್ಳೆ, ಮೂರ್ನಾಲ್ಕು ದಿನಕ್ಕೆ ವಾಸಿ. ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ನಮ್ಮ ಹುಡುಗಿಗೆ ಆಗಿದ್ದು ಇದೇ ಅಂತ ಡಾಕ್ಟರು ಹೇಳಿದ್ದಾರೆ. ಇದನ್ನು ತರಗತಿಯಲ್ಲಿ ಹೇಳಿ ಅಂತ ಅವಳ ತಾಯಿಯೇ ಹೇಳಿದ್ದರು. ತನ್ನ ಪಾಪ ಅಂತ ಊರವರಿಂದ ಕೇಳಿ ಕೇಳಿ ಆಕೆಗೆ ಸಾಕಾಗಿತ್ತು.

ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ದೇಶದಲ್ಲಿ ಶುರುವಾಗಿದ್ದು 2017ರ ಫೆಬ್ರವರಿಯಲ್ಲಿ, ಅದೂ ನಮ್ಮ ಬೆಂಗಳೂರಿನಿಂದ. 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ ಕೊಟ್ಟರು. ಈ ಮಕ್ಕಳು ಆಗ ಅಂಗನವಾಡಿಯಲ್ಲಿದ್ದವರು. ಈಗ 9 ತಿಂಗಳು ತುಂಬಿದ ಮೇಲೆ ಒಂದು, 16 ತಿಂಗಳ ಮೇಲೆ ಇನ್ನೊಂದು ಕೊಡುತ್ತಾರೆ. ಮನೆಗೆ ಹೋಗಿ ತಮ್ಮ, ತಂಗಿಯರ ತಾಯಿ ಕಾರ್ಡ್ ನೋಡಿ ಬನ್ನಿ ಅಂದೆ. ಒಬ್ಬಳ ಮನೆಯಲ್ಲಿ ಚಿಕ್ಕ ತಮ್ಮನಿಗೆ ಎರಡನೇ ಡೋಸ್ ಬಿಟ್ಟುಹೋಗಿತ್ತು. ಅವಳೇ ಆಶಾ ಕಾರ್ಯಕರ್ತೆಗೆ ಹೇಳಿ ಹಾಕಿಸಿದಳು.

ದೊಡ್ಡವಳಾದ ಹೆಲೆನ್ ಬಗ್ಗೆ ನಾನು ಜಾಸ್ತಿ ಹೇಳಲಿಲ್ಲ. 1904ರಲ್ಲಿ ಡಿಗ್ರಿ ಮುಗಿಸಿದ್ದು, ಪುಸ್ತಕ ಬರೆದದ್ದು, 1955ರಲ್ಲಿ ನಮ್ಮ ದೇಶಕ್ಕೆ ಬಂದು ನೆಹರೂ ಅವರ ಮುಖವನ್ನು ಬೆರಳಿನಿಂದ ಮುಟ್ಟಿ ನೋಡಿದ್ದು, ಇಷ್ಟು ಸಾಕಾಯಿತು. ಒಂದು ಮಾತನ್ನು ಮಾತ್ರ ಮಕ್ಕಳಿಗೂ ಹೇಳಿದೆ, ಸಹೋದ್ಯೋಗಿಗಳಿಗೂ ಹೇಳುತ್ತೇನೆ. ‘ಹೆಲೆನ್ ಮಾಡಿದಳಲ್ಲ, ಇವಳೂ ಮಾಡಬಹುದು’ ಅನ್ನುವುದು ನ್ಯಾಯವಲ್ಲ. ಹೆಲೆನ್ 19 ತಿಂಗಳು ಮಾತು ಕೇಳಿಸಿಕೊಂಡಿದ್ದಳು. ನೀರಿಗೆ ತೊದಲುತ್ತ ‘ವಾ ವಾ’ ಅನ್ನುತ್ತಿದ್ದಳು. ಅನುಕೂಲಸ್ಥರ ಮನೆ. ಒಬ್ಬ ಟೀಚರ್ ಅವಳೊಬ್ಬಳಿಗಾಗಿ, ಆ ಟೀಚರ್ 1936ರಲ್ಲಿ ತೀರಿಕೊಳ್ಳುವವರೆಗೆ 49 ವರ್ಷ ಜೊತೆಗಿದ್ದರು. ನಮ್ಮ ಹುಡುಗಿ ಹುಟ್ಟಿನಿಂದಲೇ ಹೀಗೆ. ಅವಳ ಟೀಚರ್ ಸ್ಕೂಟಿಯಲ್ಲಿ ಊರೂರು ತಿರುಗುವವರು, ಅವರನ್ನು ಕಾಯುವ ಮಕ್ಕಳು ಇನ್ನೂ ಎಷ್ಟೋ ಇದ್ದಾರೆ. ಅವಳು ತಟ್ಟೆ ಮುಟ್ಟಿ ಊಟಕ್ಕೆ ಏಳುವುದು ಅವಳ ಲೆಕ್ಕದಲ್ಲಿ ದೊಡ್ಡ ಕಲಿಕೆ. ಅವಳಿಗೆ ದಿನಾ ಮುಟ್ಟಿ ಮಾತಾಡುವ ಜನ ಹೆಚ್ಚಾದರೆ ಇನ್ನೂ ಕಲಿಯುತ್ತಾಳೆ. ಹೆಲೆನ್‌ಗೆ ಸಿಕ್ಕಿದ್ದು ಏನು ಅಂತ ನೋಡಿದರೆ ಇವಳಿಗೆ ಏನು ಬೇಕು ಅನ್ನುವುದು ತಿಳಿಯುತ್ತದೆ. ಹೋಲಿಕೆ ಅಷ್ಟಕ್ಕೆ ಸಾಕು.

ಈಗ ಮಕ್ಕಳು ಇಬ್ಬಿಬ್ಬರಾಗಿ ಅವಳ ಮನೆಗೆ ಹೋಗುತ್ತಾರೆ. ಹೋಗುವ ಮೊದಲು ಪ್ರತಿಯೊಬ್ಬರೂ ಒಂದು ಗುರುತು ಆರಿಸಿಕೊಂಡರು, ಬೆರಳಿಗೆ ಸಿಗುವಂಥದ್ದು. ಒಬ್ಬಳದು ಚಿಟ್ಟೆ ಆಕಾರದ ಕ್ಲಿಪ್ಪು. ಒಬ್ಬನದು ಮೂರು ಗಂಟಿನ ಕರಿದಾರ. ಭುಜ ಮುಟ್ಟುವುದು, ಕೈ ಕೆಳಗೆ ಕೈ ಇಡುವುದು, ಗುರುತು ಮುಟ್ಟಿಸುವುದು, ಆಮೇಲೆ ಅವಳು ಏನು ಮಾಡುತ್ತಾಳೋ ಅದಕ್ಕೆ ಕಾಯುವುದು. ಹೊರಡುವಾಗಲೂ ಗುರುತು ಮುಟ್ಟಿಸಿ ಹೊರಡಬೇಕು. ಹಾಗೇ ಎದ್ದು ಬಂದರೆ ಅವಳು ಅಲ್ಲೇ ತಡಕಾಡುತ್ತಾಳೆ.

ಊರ ಜಾತ್ರೆ ಆದ ಮೇಲೆ ಕರಿದಾರದ ಹುಡುಗ ಹಳೇದನ್ನು ಬಿಚ್ಚಿ ಹೊಸ ಕೆಂಪುದಾರ ಕಟ್ಟಿಸಿಕೊಂಡು ಬಂದ. ಅವಳು ಮಣಿಕಟ್ಟು ಮುಟ್ಟಿದಳು, ಗಂಟು ಹುಡುಕಿದಳು, ಸಿಗಲಿಲ್ಲ. ಕೈ ತಳ್ಳಿಬಿಟ್ಟಳು. ಮತ್ತೆ ಕೊಟ್ಟ, ಮತ್ತೆ ತಳ್ಳಿದಳು. ಓಡಿಹೋಗಿ ಮನೆಯಿಂದ ಹಳೇ ದಾರ ತಂದು ಕಟ್ಟಿಕೊಂಡ. ಮೂರೂ ಗಂಟು ಎಣಿಸಿ ಅವನ ಕೈ ಹಿಡಿದು ಜಗಲಿಗೆ ಕೂರಿಸಿಕೊಂಡಳಂತೆ. ಶಾಲೆಗೆ ಬಂದು ಎಲ್ಲರಿಗೂ ಇದನ್ನೇ ಹೇಳಿಕೊಂಡು ತಿರುಗಿದ.

ಮೇಡಂ ಈಗ ಅವಳಿಗೆ ವಾರದ ಪೆಟ್ಟಿಗೆ ಮಾಡುತ್ತಿದ್ದಾರೆ. ಸಾಲಾಗಿ ಖಾನೆಗಳು, ಒಂದೊಂದು ದಿನಕ್ಕೆ ಒಂದೊಂದು ವಸ್ತು. ಬೆಳಗ್ಗೆ ಮುಟ್ಟಿದರೆ ಇವತ್ತು ಏನಿದೆ ಅಂತ ತಿಳಿಯಬೇಕು. ಮೇಡಂ ಬರುವ ದಿನಕ್ಕೆ ಅಂಥದೇ ಬಳೆ. ಸಂತೆಯ ದಿನಕ್ಕೆ ಬಟ್ಟೆ ಚೀಲದ ತುಂಡು. ಶನಿವಾರ ನಮ್ಮ ಮಕ್ಕಳು ಹೋಗುವ ದಿನ. ಆ ಖಾನೆಯಲ್ಲಿ ಏನಿಡಬೇಕು ಅಂತ ತರಗತಿಯಲ್ಲಿ ಇನ್ನೂ ಜಗಳ ನಡೆದಿದೆ. ಹುಡುಗಿಯರು ಯೂನಿಫಾರ್ಮ್ ಬಟ್ಟೆಯ ಚೂರು ಅನ್ನುತ್ತಾರೆ, ಹುಡುಗರು ಚಾಕ್‌ಪೀಸ್ ಅನ್ನುತ್ತಾರೆ. ಎರಡನ್ನೂ ತೆಗೆದುಕೊಂಡು ಹೋಗಿ, ಯಾವುದನ್ನು ಕೈಯಲ್ಲಿ ಇಟ್ಟುಕೊಳ್ಳುತ್ತಾಳೋ ನೋಡಿ ಅಂತ ಹೇಳಿದ್ದೇನೆ.